ಸತ್ತ ಜೆಲ್ಲಿ ಮೀನನ್ನು ಮುಟ್ಟಬಹುದಾ?

ಪ್ರಶ್ನೆ: ಗುಬ್ಬಿಯಿಂದ ಮಕ್ಕಳನ್ನು ಕರೆದುಕೊಂಡು ಮುರುಡೇಶ್ವರ, ಗೋಕರ್ಣದ ಕಡೆ ಪ್ರವಾಸ ಹೊರಟಿದ್ದೇವೆ. ದಡದಲ್ಲಿ ಜೆಲ್ಲಿ ಮೀನು ಬಿದ್ದಿರುತ್ತವಂತೆ. ಸತ್ತು ಬಿದ್ದಿದ್ದರೆ ಮುಟ್ಟಬಹುದಾ?

ಬೇಡ. ಸತ್ತಿದ್ದರೂ ಮುಟ್ಟಬೇಡಿ, ತುಂಡಾಗಿ ಬಿದ್ದಿದ್ದರೂ ಮುಟ್ಟಬೇಡಿ. ಆದರೆ ಹೆದರಿ ದೂರ ಓಡಲೂ ಬೇಡಿ. ತುಮಕೂರಿನಂಥ ಬಯಲುಸೀಮೆಯ ಮಕ್ಕಳಿಗೆ ಸಮುದ್ರ ನೋಡಲು ಸಿಗುವುದೇ ಅಪರೂಪ. ಕಣ್ಣೆದುರು ಬಿದ್ದಿರುವ ಇಂಥ ಜೀವಿಯನ್ನು ಸರಿಯಾಗಿ ನೋಡದೆ ಬಂದರೆ ನನಗೆ ನಿಜಕ್ಕೂ ಬೇಜಾರು.

ಸತ್ತದ್ದು ಹೇಗೆ ಕುಟುಕುತ್ತದೆ? ಹೊಲದ ಬೇಲಿಯಲ್ಲಿ ಹಬ್ಬುವ ನಸುಗುನ್ನಿ ಕಾಯಿ ನೋಡಿದ್ದೀರಿ ಅಲ್ವಾ? ಬಳ್ಳಿ ಒಣಗಿ ಹೋಗಿರುತ್ತದೆ, ಕಾಯಿ ಕಪ್ಪಾಗಿರುತ್ತದೆ. ಆದರೂ ಅದರ ಸುಂಕು ಮೈಗೆ ತಾಗಿದರೆ ಸಾಕು, ತುರಿಸಿ ತುರಿಸಿ ಸಾಕಾಗುತ್ತದೆ. ಇಲ್ಲೂ ಹಾಗೆಯೇ. ಜೆಲ್ಲಿ ಮೀನಿನ ಎಳೆಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಟುಕು ಕೋಶಗಳು ಸಾವಿರಗಟ್ಟಲೆ ಇರುತ್ತವೆ. ಒಂದೊಂದು ಕೋಶದಲ್ಲೂ ಒಂದು ಪುಟ್ಟ ಚೀಲ. ಚೀಲದೊಳಗೆ ಸುರುಳಿ ಸುತ್ತಿಕೊಂಡಿರುವ ಟೊಳ್ಳು ದಾರ. ಏನಾದರೂ ತಾಗಿದ ಕೂಡಲೇ ಆ ದಾರ ಸಿಡಿದು ಚರ್ಮಕ್ಕೆ ಚುಚ್ಚಿ ವಿಷ ಬಿಡುತ್ತದೆ. ಹೀಗೆ ಸಿಡಿಯುವುದಕ್ಕೆ ಜೀವಿಯ ಅಪ್ಪಣೆ ಬೇಕಿಲ್ಲ. ಜೆಲ್ಲಿ ಮೀನಿಗೆ ಮಿದುಳೇ ಇಲ್ಲ. ಹೃದಯ, ರಕ್ತ, ಮೂಳೆ ಯಾವುದೂ ಇಲ್ಲ. ಹೆಸರಿಗೆ ಮೀನು ಅಷ್ಟೇ. ಮೈಯಲ್ಲಿ ನೂರಕ್ಕೆ 95 ಪಾಲು ನೀರು. ಹಾಗಾಗಿ ಜೀವ ಹೋದ ಮೇಲೂ ಸಿಡಿಯದೆ ಉಳಿದ ಕೋಶಗಳು ಮುಟ್ಟಿದವರಿಗೆ ಕಾದು ಕುಳಿತಿರುತ್ತವೆ.

ಇನ್ನು ಗುರುತಿಸುವುದು. ಸಿಪ್ಪೆ ಸುಲಿದ ತಾಟಿನಿಂಗಿನ ಹಾಗೆ ಬೆಳ್ಳಗೆ, ಆಚೆ ಬದಿ ಕಾಣುವಷ್ಟು ತಿಳಿಯಾಗಿ, ಚಪ್ಪಟೆಯಾಗಿ ಬಿದ್ದಿದ್ದರೆ ಮಧ್ಯದಲ್ಲಿ ನೋಡಿ. ಕುದುರೆ ಲಾಳದ ಆಕಾರದ ನಾಲ್ಕು ಗುರುತು ಇದ್ದರೆ ಅದು ಮೂನ್ ಜೆಲ್ಲಿ. ಇದರ ಕುಟುಕು ಸೌಮ್ಯ. ದಪ್ಪ ಅಣಬೆಯಂತೆ ಗಟ್ಟಿಯಾಗಿದ್ದು, ಕೆಳಗೆ ಹೂಕೋಸಿನಂಥ ತೋಳುಗಳಿದ್ದರೆ ಅದು ಬೇರೆ ಗುಂಪು. ಇವು ರಾಶಿ ರಾಶಿ ಬಂದಾಗ ಮೀನುಗಾರರ ಬಲೆ ತುಂಬಿ ಹೋಗುತ್ತದೆ. ಛತ್ರಿಯ ಮೇಲೆ ಕಂದು ಪಟ್ಟೆ, ಅಂಚಿನಿಂದ ಉದ್ದುದ್ದ ಎಳೆ ಇರುವವು ಜಾಸ್ತಿ ಉರಿಸುತ್ತವೆ. ಚೌಕ ಪೆಟ್ಟಿಗೆಯಂತಿದ್ದು ನಾಲ್ಕು ಮೂಲೆಯಿಂದ ಎಳೆ ಇಳಿಬಿಟ್ಟಿದ್ದರೆ ಅದು ಬಾಕ್ಸ್ ಜೆಲ್ಲಿ. ಅದರ ಹತ್ತಿರವೂ ಸುಳಿಯಬೇಡಿ.

ಮಕ್ಕಳು ಕೈ ಹಾಕುವುದು ಮಾತ್ರ ಇವು ಯಾವುದಕ್ಕೂ ಅಲ್ಲ, ನೀಲಿಯದಕ್ಕೆ. ಅದನ್ನು ಬ್ಲೂಬಾಟಲ್ ಅಥವಾ ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಎನ್ನುತ್ತಾರೆ. ಹತ್ತಿರದಿಂದ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಸೋಪಿನ ಗುಳ್ಳೆಯಂಥ ಒಂದು ಚೀಲ, ನೆತ್ತಿಯ ಮಡಿಕೆಯಲ್ಲಿ ತಿಳಿ ಗುಲಾಬಿ, ಬುಡದಲ್ಲಿ ಗಾಢ ನೀಲಿ. ಅದರಿಂದ ಹೊರಟ ಎಳೆ ಸಣ್ಣ ಮಣಿ ಪೋಣಿಸಿದ ನೀಲಿ ದಾರದಂತೆ ಮರಳಿನ ಮೇಲೆ ಸುತ್ತಿಕೊಂಡಿರುತ್ತದೆ. ಇದು ನಿಜವಾದ ಜೆಲ್ಲಿ ಮೀನೂ ಅಲ್ಲ, ಒಂದೇ ಜೀವಿಯೂ ಅಲ್ಲ. ತೇಲುವುದಕ್ಕೆ, ಬೇಟೆಗೆ, ಜೀರ್ಣಕ್ಕೆ ಅಂತ ಕೆಲಸ ಹಂಚಿಕೊಂಡು ಒಟ್ಟಿಗೆ ಬದುಕುವ ಪುಟ್ಟ ಜೀವಿಗಳ ಒಂದು ಸಂಸಾರ. ಚೀಲ ಅಂಗೈಯಷ್ಟೇ ಇದ್ದರೂ ಎಳೆ ಹತ್ತು ಮೀಟರ್ ಚಾಚಬಹುದು, ಕೆಲವು ಸಲ ಮೂವತ್ತು ಮೀಟರ್‌ವರೆಗೂ. ಅದಕ್ಕೇ ಚೀಲದಿಂದ ದೂರ ಇದ್ದೇವೆ ಅನ್ನುವ ಧೈರ್ಯ ನೀರಿನಲ್ಲಿ ನಡೆಯುವುದಿಲ್ಲ. ಪಶ್ಚಿಮ ಕರಾವಳಿಗೆ ಇವು ಮುಖ್ಯವಾಗಿ ಮಳೆಗಾಲದ ಗಾಳಿಗೆ ತೇಲಿ ಬರುತ್ತವೆ. 2018ರ ಆಗಸ್ಟ್‌ನಲ್ಲಿ ಮುಂಬೈ ದಡದಲ್ಲಿ ಬಹಳ ಜನ ಇವುಗಳಿಂದ ಕುಟುಕಿಸಿಕೊಂಡರು.

ನನ್ನ ಅಕ್ಕನ ಮಗಳು ಒಮ್ಮೆ ಇಂಥದೇ ಒಂದು ನೀಲಿ ದಾರ ಎತ್ತಿಕೊಂಡಳು. ಚೀಲ ಇರಲಿಲ್ಲ, ಬರೀ ಗೇಣುದ್ದದ ತುಂಡು. ಕಿರುಚಿದಳು. ನಾನು ಗಾಬರಿಯಲ್ಲಿ ಕೈಲಿದ್ದ ಕುಡಿಯುವ ನೀರನ್ನು ಸುರಿದು, ಟವೆಲ್‌ನಿಂದ ಉಜ್ಜಿದೆ. ಉರಿ ಇನ್ನೂ ಜಾಸ್ತಿಯಾಯಿತು. ಮಣಿಕಟ್ಟಿನ ಸುತ್ತ ಬಾರುಕೋಲಿನಿಂದ ಹೊಡೆದಂತೆ ಕೆಂಪು ಬರೆ ಎದ್ದಿತ್ತು. ನಾನು ಮಾಡಿದ ಎರಡೂ ತಪ್ಪು ಅಂತ ಆಮೇಲೆ ತಿಳಿಯಿತು. ಸಿಹಿನೀರು ತಾಗಿದರೆ ಸಿಡಿಯದೆ ಉಳಿದ ಕೋಶಗಳೂ ಸಿಡಿಯುತ್ತವೆ. ಉಜ್ಜಿದರೂ ಅಷ್ಟೇ.

ಆದ್ದರಿಂದ ಹೀಗೆ ಮಾಡಿ. ಕುಟುಕಿಸಿಕೊಂಡವರನ್ನು ಮೊದಲು ನೀರಿನಿಂದ ಹೊರಗೆ ತನ್ನಿ. ಸಮುದ್ರದ ನೀರಿನಿಂದಲೇ ತೊಳೆಯಿರಿ. ಅಂಟಿಕೊಂಡ ಎಳೆಯನ್ನು ಚಿಮಟಿಗೆಯಿಂದ ನಿಧಾನವಾಗಿ ಎತ್ತಿ, ಬರಿಗೈಯಲ್ಲಿ ಕೀಳಬೇಡಿ. ಎಳೆ ಹೋದ ಮೇಲೆ ಸುಮಾರು 45 ಡಿಗ್ರಿ ಬಿಸಿಯ ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿಟ್ಟರೆ ನೋವು ಇಳಿಯುತ್ತದೆ. ಸುಡಬಾರದು, ದೊಡ್ಡವರು ಕೈಯಿಟ್ಟು ನೋಡಿಯೇ ಮಕ್ಕಳಿಗೆ ಹಾಕಿ. ಮೂತ್ರ ಹಾಕಿದರೆ ಹೋಗುತ್ತೆ ಅನ್ನುವ ಮಾತು ನಂಬಬೇಡಿ. ವಿನೆಗರ್ ಬಾಕ್ಸ್ ಜೆಲ್ಲಿಗೆ ಬಳಸುತ್ತಾರೆ, ನೀಲಿಯದಕ್ಕೆ ಬೇಡ ಅನ್ನುವ ಸಲಹೆಯೂ ಇದೆ. ಹಾಗಾಗಿ ಅಲ್ಲಿನ ಲೈಫ್‌ಗಾರ್ಡ್ ಹೇಳದೆ ಸುರಿಯಬೇಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮುಖ ಊದಿದರೆ, ಕಣ್ಣಿಗೆ ತಾಗಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ನೋಡುವುದು ಹೇಗೆ? ದಡದಲ್ಲಿ ಚಪ್ಪಲಿ ಹಾಕಿಕೊಂಡೇ ಇರಿ. ಎರಡು ಹೆಜ್ಜೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಮಕ್ಕಳ ಕೈ ಮೊಣಕಾಲ ಮೇಲೆ ಇರಲಿ. ಕೋಲಿನಿಂದ ತಿವಿಯಬೇಡಿ, ಎಳೆ ಕೋಲಿಗೆ ಅಂಟಿ ಆಮೇಲೆ ಕೈಗೆ ಬರುತ್ತದೆ. ಫೋನಿನಲ್ಲಿ ದೊಡ್ಡದು ಮಾಡಿ ಫೋಟೊ ತೆಗೆಯಿರಿ. ಬಾಟಲಿಯಲ್ಲಿ ತುಂಬಿಕೊಂಡು ಗುಬ್ಬಿಗೆ ತರುವ ಆಸೆಯಂತೂ ಸುಮ್ನೆ ಬಿಟ್ಟುಬಿಡಿ.

ಅದಕ್ಕಿಂತ ಚೆಂದ ಜೀವಂತವಾಗಿ ನೋಡುವುದು. ಬೋಟು ನಿಲ್ಲುವ ಜೆಟ್ಟಿಯ ಕಡೆ ಹೋಗಲು ಬಿಟ್ಟರೆ, ಬೆಳಗ್ಗೆ ನೀರು ತಿಳಿಯಾಗಿರುವಾಗ ಮೇಲಿನಿಂದ ಬಗ್ಗಿ ನೋಡಿ. ಬಂದಿದ್ದರೆ ಕಾಣುತ್ತದೆ: ಛತ್ರಿ ಮುಚ್ಚುತ್ತದೆ, ಮೈ ಒಂದು ಗೇಣು ಮುಂದೆ ಹೋಗುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಒಮ್ಮೊಮ್ಮೆ ಜೆಲ್ಲಿ ಅಂದುಕೊಂಡದ್ದು ಪ್ಲಾಸ್ಟಿಕ್ ಕವರ್ ಆಗಿರುತ್ತದೆ. ಕಡಲಾಮೆಗಳೂ ಹೀಗೆಯೇ ಮೋಸಹೋಗಿ ಅದನ್ನು ನುಂಗುತ್ತವೆ. ದಡದಲ್ಲಿ ಅಂಥ ಕವರ್ ಕಂಡರೆ ಚಪ್ಪಲಿಯಲ್ಲಿ ತಿರುಗಿಸಿ, ಕೆಳಗೆ ಎಳೆ ಇಲ್ಲ ಅಂತ ನೋಡಿಕೊಂಡು, ಎತ್ತಿ ಕಸದ ಬುಟ್ಟಿಗೆ ಹಾಕಿಸಿ.

ಹೊರಡುವಾಗ ಬ್ಯಾಗಿನಲ್ಲಿ ಒಂದು ಚಿಮಟಿಗೆ, ಒಂದು ಫ್ಲಾಸ್ಕ್ ಬಿಸಿನೀರು ಮರೆಯದೆ ಇಟ್ಟುಕೊಳ್ಳಿ.