ರಿಬ್ಬನ್ ಗಿಡದ ಎಲೆ ಉದುರಿದರೆ ಗಿಡ ಸತ್ತಂತೆಯೇ?

ಪ್ರಶ್ನೆ: ಮಳೆಗಾಲದಲ್ಲಿ ತಂದ ರಿಬ್ಬನ್ ಗಿಡದಲ್ಲಿ ಸಣ್ಣ ಎಲೆಗಳಿದ್ದವು. ಈಗ ಒಂದೂ ಇಲ್ಲ, ಬರೀ ಹಸಿರು ಪಟ್ಟಿಗಳು. ಕಿತ್ತು ಹಾಕಲೇ? (ಶಿರಸಿಯ ಓದುಗರು)

ದಯವಿಟ್ಟು ಕೀಳಬೇಡಿ. ನೀವು ಪಟ್ಟಿ ಎನ್ನುತ್ತಿರುವುದು ಈ ಗಿಡದ ಕಾಂಡ. ಎಲೆಯ ಕೆಲಸವನ್ನೆಲ್ಲ ಅದೇ ಮಾಡುತ್ತದೆ. ಬಿಸಿಲು ಹಿಡಿದು ಆಹಾರ ತಯಾರಿಸುವ ಪತ್ರಹರಿತ್ತು ಅದರಲ್ಲೇ ಇದೆ. ಎಲೆ ಬರುವುದು ಹೆಚ್ಚಾಗಿ ಎಳೆಯ, ಜೋರಾಗಿ ಬೆಳೆಯುವ ಚಿಗುರಿನಲ್ಲಿ. ಸ್ವಲ್ಪ ದಿನಕ್ಕೆ ಉದುರುತ್ತದೆ. ಅದಕ್ಕೆ ಗಾಬರಿ ಬೇಡ.

ಕಾಂಡ ಅಂತ ನಂಬುವುದು ಹೇಗೆ? ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ. ಉದ್ದಕ್ಕೂ ಸಣ್ಣ ಗೀರುಗಳು, ಅಲ್ಲಲ್ಲಿ ಅಡ್ಡಕ್ಕೆ ಗಂಟು. ಎಲೆ ಹುಟ್ಟುವುದೂ ಆ ಗಂಟಿನಲ್ಲೇ, ಹಸಿರು ಮಿಶ್ರಿತ ಬಿಳಿಯ ಪುಟಾಣಿ ಹೂ ಬಿಡುವುದೂ ಅಲ್ಲೇ. ಆಮೇಲೆ ಕೆಂಪು ಹಣ್ಣು. ಇನ್ನು ಬುಡದ ಕಡೆ ನೋಡಿದರೆ ಹಳೆಯ ಕಾಂಡ ದುಂಡಗಾಗಿ, ಕಂದು ಬಣ್ಣಕ್ಕೆ ತಿರುಗಿ ಕಟ್ಟಿಗೆಯಾಗಿರುತ್ತದೆ. ನಮ್ಮ ಕಡೆ ಮನೆಮನೆಯಲ್ಲೂ ಇರುವ, ರಾತ್ರಿ ಅರಳುವ ಬ್ರಹ್ಮಕಮಲದಲ್ಲೂ ಹೀಗೇ ಅಲ್ವಾ? ಎಲೆಯ ಅಂಚಿನಿಂದ ಹೂ ಬಂತು ಅಂತೀವಿ, ಅದೂ ಚಪ್ಪಟೆ ಕಾಂಡವೇ. ಆದರೆ ಅದು ಕಳ್ಳಿಯ ಜಾತಿ. ರಿಬ್ಬನ್ ಗಿಡಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಬೇಲಿ ಮೇಲೆ ಗುಲಾಬಿ ಬಣ್ಣದ ಗೊಂಚಲು ಬಿಡುವ ಆಂಟಿಗೊನಾನ್ ಬಳ್ಳಿ ಇದರ ಕುಟುಂಬದ್ದು. ಎರಡು ಬೇರೆ ಬೇರೆ ಕುಟುಂಬಗಳು ಒಂದೇ ಉಪಾಯ ಕಂಡುಕೊಂಡಿವೆ. ನನಗೆ ಈ ಗಿಡದಲ್ಲಿ ತುಂಬಾ ಇಷ್ಟವಾಗುವುದು ಇದೇ.

ಇದರ ಮೂಲ ಪೆಸಿಫಿಕ್ ಸಾಗರದ ಸಾಲಮನ್ ದ್ವೀಪಗಳ ಕಡೆ. ಸೆಕೆ, ಮಳೆ ಎರಡೂ ಇದಕ್ಕೆ ಹೊಸದಲ್ಲ. ಹಾಗಾಗಿ ಕಾರವಾರ, ಕುಮಟಾದ ಹವೆಯಲ್ಲೂ ಚೆನ್ನಾಗಿ ಬರುತ್ತದೆ. ತೊಂದರೆ ಕೊಡುವುದು ಬುಡದಲ್ಲಿ ನಿಲ್ಲುವ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡದ ಕೆಳಗಿನ ತಟ್ಟೆ ತೆಗೆದಿಡಿ. ಮಣ್ಣಿಗೆ ಮರಳು ಜಾಸ್ತಿ ಇರಲಿ.

ನಿಜವಾಗಿ ಅನುಮಾನ ಬಂದರೆ ಬುಡದ ಹತ್ತಿರ ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವ ಇದೆ. ಬುಡ ಮೆತ್ತಗಾಗಿ ಕಪ್ಪಾಗಿದ್ದರೆ ಬೇರು ಕೊಳೆತಿದೆ. ಆಗಲೂ ಮೇಲಿನ ಗಟ್ಟಿ ಗೆಲ್ಲು ಉಳಿಸಿಕೊಳ್ಳಬಹುದು: ಮೂರು ನಾಲ್ಕು ಗಂಟು ಇರುವ ತುಂಡು ಕತ್ತರಿಸಿ, ಒಂದೆರಡು ಗಂಟು ಮರಳು ಮಣ್ಣಿನ ಒಳಗೆ ಹೋಗುವಂತೆ ನೆಡಿ. ನೆರಳಲ್ಲಿಟ್ಟು ಮಣ್ಣು ಹಸಿಯಾಗಿರುವಷ್ಟೇ ನೀರು ಕೊಡಿ. ಬೇರು ಸುಲಭವಾಗಿ ಬರುತ್ತದೆ. ಎರಡು ತುಂಡು ಹೆಚ್ಚಿಗೆ ನೆಟ್ಟರೆ ಪಕ್ಕದ ಮನೆಗೂ ಒಂದು ಕೊಡಬಹುದು.