ಬಾಲದ ಸಂಖ್ಯೆ ಓದುವುದು: ಭಾರತದಲ್ಲಿ ಉಳಿದುಕೊಂಡ ಲಿಬರೇಟರ್ ವಿಮಾನಗಳು (ಅಧ್ಯಯನ ಟಿಪ್ಪಣಿ)

ಎರಡನೆಯ ಮಹಾಯುದ್ಧದ ಬಿ-24 ಲಿಬರೇಟರ್ ಬಾಂಬರ್‌ಗಳು 18,000ಕ್ಕೂ ಹೆಚ್ಚು ತಯಾರಾದರೂ ಇಂದು ಉಳಿದಿರುವುದು ಬೆರಳೆಣಿಕೆಯಷ್ಟೇ, ಅವುಗಳಲ್ಲಿ ಹಲವು ಭಾರತೀಯ ವಾಯುಪಡೆಯ ಕೈಯಿಂದ ಹೋದವು. ಅಮೆರಿಕದಿಂದ ಎರವಲಾಗಿ ಬಂದಿದ್ದ ಬ್ರಿಟಿಷ್ ವಾಯುಪಡೆಯ ಲಿಬರೇಟರ್‌ಗಳನ್ನು ಯುದ್ಧ ಮುಗಿದ ಮೇಲೆ ಕಾನ್ಪುರದ ಚಕೇರಿಯಲ್ಲಿ ಬೇಕೆಂದೇ ಜಖಂಗೊಳಿಸಿ ಬಿಟ್ಟುಹೋಗಲಾಗಿತ್ತು. 1948ರಲ್ಲಿ ಬೆಂಗಳೂರಿನ ಎಚ್‌ಎಎಲ್ ತಂತ್ರಜ್ಞರು ಅವುಗಳಲ್ಲಿ ಆಗಿಬರುವಂಥವನ್ನು ಆರಿಸಿ, ಅಲ್ಲಿಯೇ ಹಾರುವ ಮಟ್ಟಿಗೆ ಸರಿಪಡಿಸಿದರು. ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿಯವರು ಅವನ್ನು ಬೆಂಗಳೂರಿಗೆ ಹಾರಿಸಿ ತಂದ ಮೇಲೆ ಪೂರ್ಣ ದುರಸ್ತಿ ನಡೆಯಿತು. ಅದೇ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಇವುಗಳೊಂದಿಗೆ ಆರಂಭವಾಯಿತು; ಸೇವೆ ಮುಗಿದದ್ದು 1968ರಲ್ಲಿ.

ಇಷ್ಟು ಚರಿತ್ರೆ ಸುಲಭ. ತೊಡಕು ಬರುವುದು ಗುರುತಿನ ಸಂಖ್ಯೆಗಳಲ್ಲಿ, ಏಕೆಂದರೆ ಒಂದೇ ವಿಮಾನಕ್ಕೆ ಮೂರು ಸಂಖ್ಯೆಗಳಿರುತ್ತವೆ. ಲಂಡನ್ನಿನ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಸಂಗ್ರಹಾಲಯದ ಲಿಬರೇಟರ್ ಅಮೆರಿಕದ ದಾಖಲೆಯಲ್ಲಿ 44-50206, ಬ್ರಿಟಿಷ್ ದಾಖಲೆಯಲ್ಲಿ ಕೆಎನ್751, ನಮ್ಮಲ್ಲಿ ಎಚ್‌ಇ807. ಅಮೆರಿಕದ ಸಂಖ್ಯೆಯ ಮೊದಲ 44 ಎಂಬುದು ವಿಮಾನ ತಯಾರಾದ ವರ್ಷವಲ್ಲ, ಅದಕ್ಕೆ ಹಣ ಮಂಜೂರಾದ ಆರ್ಥಿಕ ವರ್ಷ. ಬಾಲದ ಮೇಲೆ ಬರೆಯುವಾಗ ಮೊದಲ ಅಂಕಿಯನ್ನೂ ಅಡ್ಡಗೆರೆಯನ್ನೂ ಬಿಡುವ ಪದ್ಧತಿಯಿತ್ತು. ಹಾಗಾಗಿ 44-50206 ಬಾಲದಲ್ಲಿ 450206 ಆಗುತ್ತದೆ. ಇಲ್ಲಿ ಉಳಿದಿರುವ 4 ವರ್ಷದ ಎರಡನೆಯ ಅಂಕಿ, ಅದರ ನಂತರದ 50206 ಕ್ರಮಸಂಖ್ಯೆ. ಹಳೆಯ ಚಿತ್ರದಲ್ಲಿ 450206 ಕಂಡವರು ಅದನ್ನು ವರ್ಷ 45, ಕ್ರಮಸಂಖ್ಯೆ 0206 ಎಂದು ಒಡೆದರೆ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಮುಂದೆ 4 ಸೇರಿಸಿಕೊಂಡು, ಎರಡು ಅಂಕಿಗಳಾದ ಮೇಲೆ ಗೆರೆ ಎಳೆಯುವುದೇ ನೆನಪಿಡಬೇಕಾದ ಸೂತ್ರ. ಆದರೆ ಇದು ನಲವತ್ತರ ದಶಕದ ವಿಮಾನಗಳಿಗೆ ಮಾತ್ರ ಸಲ್ಲುತ್ತದೆ. ಬ್ರಿಟಿಷ್ ಸಂಖ್ಯೆಯ ಅಕ್ಷರಗಳಲ್ಲಿ ವರ್ಷ ಅಡಗಿಲ್ಲ, ಹುಡುಕಬೇಡಿ.

ಸೂತ್ರ ಕೈಗೆ ಬಂದರೂ ಬಣ್ಣವನ್ನು ನಂಬುವಂತಿಲ್ಲ. ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ವಿಮಾನ, ಅಂದರೆ 44-44052, ಭಾರತದಿಂದ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಅಮೆರಿಕ ಸೇರಿ, 1989ರಲ್ಲಿ ಮತ್ತೆ ಹಾರಿತು. ಆಗ ಅದರ ಮೂತಿಯ ಮೇಲೆ ಇದ್ದದ್ದು ‘ಆಲ್ ಅಮೆರಿಕನ್’, ಆಮೇಲೆ ‘ದ ಡ್ರ್ಯಾಗನ್ ಅಂಡ್ ಹಿಸ್ ಟೇಲ್’, ಈಗ ‘ವಿಚ್‌ಕ್ರಾಫ್ಟ್’. ಮೂರೂ ಬೇರೆ ವಿಮಾನಗಳ ಹೆಸರುಗಳು. ಕೆನಡಾದ ಒಟ್ಟಾವಾ ಸಂಗ್ರಹಾಲಯಕ್ಕೆ ಹೋದ ಎಚ್‌ಇ773 ಕೂಡ ಕೆನಡಾ ವಾಯುಪಡೆಯ ಬಣ್ಣ ಹೊತ್ತಿತು. ಬ್ರಿಟಿಷರ ಬಳಿ ಕೆಲವೇ ತಿಂಗಳು ಹಾರಿದ ವಿಮಾನ ಭಾರತದಲ್ಲಿ ವರ್ಷಗಟ್ಟಲೆ ಸೇವೆ ಸಲ್ಲಿಸಿದ್ದರೂ ಪ್ರದರ್ಶನದಲ್ಲಿ ಕಾಣುವುದು ಆ ತಿಂಗಳುಗಳಷ್ಟೇ ಎಂಬುದು ನನಗೆ ನ್ಯಾಯವಾಗಿ ತೋರುವುದಿಲ್ಲ. ಬಣ್ಣ ಯಾವ ಕಾಲದ್ದೇ ಇರಲಿ, ಫಲಕದಲ್ಲಾದರೂ ಮೂರೂ ಸಂಖ್ಯೆಗಳು ಇರಬೇಕು. ಇಲ್ಲದಿದ್ದರೆ ಬೆಂಗಳೂರಿನ ದುರಸ್ತಿಯ ಕೆಲಸವನ್ನು ಹುಡುಕುವ ವಿದ್ಯಾರ್ಥಿಗೆ ದಾರಿಯೇ ಸಿಗದು.

ಭಾರತೀಯ ಗುರುತಿನಲ್ಲೇ ಲಿಬರೇಟರ್ ನೋಡಬೇಕೆಂದಿದ್ದರೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಸಂಗ್ರಹಾಲಯಕ್ಕೆ ಹೋಗಬೇಕು, ಅಲ್ಲಿರುವುದು ಎಚ್‌ಇ924. ಅಲ್ಲಿನ ಲೈಸ್ಯಾಂಡರ್ ವಿಮಾನವನ್ನೂ ಗಮನಿಸಿ: ಅದು ಕೆನಡಾಕ್ಕೆ ಲಿಬರೇಟರ್ ಕೊಟ್ಟದ್ದಕ್ಕೆ ಪ್ರತಿಯಾಗಿ ಬಂದದ್ದು.