ಓದುಗರ ಪ್ರಶ್ನೆ: 70% ಸ್ಯಾನಿಟೈಸರ್‌ಗಿಂತ 99% ಸ್ಪಿರಿಟ್ ಮೇಲಲ್ಲವೇ?

ಪ್ರಶ್ನೆ: "ಮೆಡಿಕಲ್ ಸ್ಟೋರಿನ ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ 70% ಮಾತ್ರ, ಮಿಕ್ಕಿದ್ದು ಹೆಚ್ಚುಕಮ್ಮಿ ನೀರೇ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 99%ದು ಲೀಟರ್‌ಗಟ್ಟಲೆ ಸಿಗುತ್ತೆ. ಅದನ್ನೇ ತಂದು ಕೈಗೆ ಹಚ್ಚಿಕೊಂಡರೆ ಆಗಲ್ವಾ? ನೀರಿಗೆ ಯಾಕೆ ದುಡ್ಡು ಕೊಡಬೇಕು?" (ಮಂಡ್ಯದ ಓದುಗರೊಬ್ಬರು)

ಆಗುವುದಿಲ್ಲ. 2020ರಿಂದ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಈ ಸಲ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಎತ್ತಿಟ್ಟುಕೊಳ್ಳಿ.

ಗೊಂದಲ ಬಾಟಲಿಯ ಮೇಲೇ ಶುರುವಾಗುತ್ತದೆ. ಮುಂದೆ ದಪ್ಪಕ್ಷರದಲ್ಲಿ 99.9% ಎಂದಿರುತ್ತದೆ, ಹಿಂದೆ ಸಣ್ಣಕ್ಷರದಲ್ಲಿ 70% ಎಂದಿರುತ್ತದೆ. ಮುಂದಿನದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಇಷ್ಟು ಕ್ರಿಮಿ ಸತ್ತವು ಎಂಬ ಲೆಕ್ಕ. ಹಿಂದಿನದು ದ್ರವದಲ್ಲಿ ಎಷ್ಟು ಆಲ್ಕೋಹಾಲ್ ಇದೆ ಎಂಬ ಲೆಕ್ಕ. ಎರಡಕ್ಕೂ ನೇರ ಸಂಬಂಧವಿಲ್ಲ. 99.9% ಕ್ರಿಮಿ ಕೊಲ್ಲಲು 99.9% ಆಲ್ಕೋಹಾಲ್ ಬೇಕು ಎಂದು ಓದಿಕೊಂಡವರೇ ಲ್ಯಾಬ್ ಅಂಗಡಿಗೆ ಹೋಗುವುದು.

ನೀರು ಅಲ್ಲಿ ಕಲಬೆರಕೆಯಾಗಿ ಬಂದದ್ದಲ್ಲ, ಅದೂ ಕೆಲಸಗಾರನೇ. ಆಲ್ಕೋಹಾಲ್ ಕ್ರಿಮಿಯ ಹೊರಪೊರೆಯ ಕೊಬ್ಬನ್ನು ಕರಗಿಸುತ್ತದೆ, ಒಳಗಿನ ಪ್ರೋಟೀನನ್ನು ಕೆಡಿಸುತ್ತದೆ. ಬಿಸಿ ತಾಗಿದ ಮೊಟ್ಟೆಯ ಲೋಳೆ ಬೆಳ್ಳಗೆ ಗಟ್ಟಿಯಾಗುವುದಿಲ್ಲವೇ, ಅದೇ ಜಾತಿಯ ಬದಲಾವಣೆ. ಪ್ರೋಟೀನಿನ ಮಡಿಕೆ ಹೀಗೆ ಬಿಚ್ಚಿಕೊಳ್ಳಲು ನೀರಿನ ನೆರವು ಬೇಕು. ಒಣಬಟ್ಟೆಯ ಮೇಲೆ ಎಷ್ಟು ಸೋಪಿನ ಪುಡಿ ಉದುರಿಸಿದರೂ ಕೊಳೆ ಬಿಡುವುದಿಲ್ಲ, ನೀರು ಹನಿಸಿದ ಮೇಲೇ ಅದರ ಆಟ. ನೀರೇ ಇಲ್ಲದ ಆಲ್ಕೋಹಾಲ್‌ನ ಪಾಡೂ ಹಾಗೆಯೇ.

ಇನ್ನೊಂದು ಕಾರಣ ಸಮಯ. ಸ್ಯಾನಿಟೈಸರ್‌ನಲ್ಲಿ ಸಾಮಾನ್ಯವಾಗಿ ಇರುವ ಆಲ್ಕೋಹಾಲ್‌ನ ಹೆಸರು ಎಥೆನಾಲ್, ಅದು 78 ಡಿಗ್ರಿಗೇ ಕುದಿಯುವ ವಸ್ತು. ಏಪ್ರಿಲ್ ಬಿಸಿಲಿನ ಮಧ್ಯಾಹ್ನ 99%ದನ್ನು ಅಂಗೈಗೆ ಸುರಿದುಕೊಂಡರೆ ತಣ್ಣಗೆ ಅನ್ನಿಸುತ್ತದೆ, ಬೆರಳ ಸಂದಿಗೆ ಹೋಗುವಷ್ಟರಲ್ಲಿ ಹಾರಿಹೋಗಿರುತ್ತದೆ. ಕೈ ಕನಿಷ್ಠ 20 ಸೆಕೆಂಡಾದರೂ ಒದ್ದೆಯಾಗಿರಬೇಕು. ಆ ಒದ್ದೆಯನ್ನು ಹಿಡಿದಿಡುವುದೂ ನೀವು "ಯಾಕೆ ದುಡ್ಡು ಕೊಡಬೇಕು" ಎಂದ ಆ ನೀರೇ. ಜೊತೆಗೆ 99%ದು ಚರ್ಮದ ಜಿಡ್ಡನ್ನೆಲ್ಲ ಎಳೆದುಬಿಡುತ್ತದೆ. ಕೈ ಒಡೆದು ಬಿರುಕು ಬಿಟ್ಟರೆ ಕ್ರಿಮಿಗೆ ನಾವೇ ಮನೆ ಕಟ್ಟಿಕೊಟ್ಟಂತೆ.

ಹಾಗಾದರೆ 99%ದನ್ನು ಯಾಕೆ ಮಾಡುತ್ತಾರೆ? ಮಂಡ್ಯದವರಿಗೆ ಇದು ಗೊತ್ತಿರಬೇಕು. ಕಬ್ಬಿನ ಕಾಕಂಬಿಯನ್ನು ಹುಳಿಸಿ ಬಟ್ಟಿ ಇಳಿಸಿದರೆ ಎಥೆನಾಲ್ ಬರುತ್ತದೆ. ಮಾಮೂಲಿಯಾಗಿ ಎಷ್ಟು ಸಲ ಬಟ್ಟಿ ಇಳಿಸಿದರೂ ತೂಕದ ಲೆಕ್ಕದಲ್ಲಿ 95.6% ದಾಟುವುದಿಲ್ಲ, ಉಳಿದ ನೀರು ಬಿಟ್ಟುಹೋಗುವುದೇ ಇಲ್ಲ. ಅದನ್ನೂ ಬೇರೆ ವಿಧಾನದಿಂದ ಹೀರಿ ತೆಗೆದು 99.5%ಕ್ಕೆ ಏರಿಸುವುದು ಮುಖ್ಯವಾಗಿ ಪೆಟ್ರೋಲ್‌ಗೆ ಬೆರೆಸಲು, ಯಾಕೆಂದರೆ ನೀರು ಸೇರಿದರೆ ಪೆಟ್ರೋಲ್ ಟ್ಯಾಂಕಿನಲ್ಲಿ ಎಥೆನಾಲ್ ಬೇರ್ಪಟ್ಟು ತಳ ಸೇರುತ್ತದೆ. ಬೈಕಿಗೆ ಬೇಕಾದ ಗುಣ ಕೈಗೆ ಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ನೋಡಿ. 10 ಲೀಟರ್‌ಗೆ 96% ಎಥೆನಾಲ್ 8,333 ಮಿ.ಲೀ., 3% ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., ಗ್ಲಿಸರಿನ್ 145 ಮಿ.ಲೀ., ಮಿಕ್ಕಿದ್ದು ಕುದಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರು. ಕೊನೆಗೆ ಎಥೆನಾಲ್ 80% ಆಗುತ್ತದೆ. ಗ್ಲಿಸರಿನ್ ಇರುವುದು ಚರ್ಮ ಒಡೆಯದಿರಲಿ ಎಂದು. ಪೆರಾಕ್ಸೈಡ್ ಕೈಗಾಗಿ ಇರುವುದೇ ಅಲ್ಲ. ಕೆಲವು ಬ್ಯಾಕ್ಟೀರಿಯಾ ಗಟ್ಟಿ ಚಿಪ್ಪಿನ ಬೀಜಕಗಳಾಗಿ ಕೂತಿರುತ್ತವೆ, ಆಲ್ಕೋಹಾಲ್‌ಗೆ ಅವು ಜಗ್ಗುವುದಿಲ್ಲ. ಬಾಟಲಿಯಲ್ಲೇ ಅಂಥವು ಇದ್ದರೆ ಸಾಯಲಿ ಎಂದು ಪೆರಾಕ್ಸೈಡ್ ಹಾಕಿ, ತುಂಬಿದ ಮೇಲೆ 72 ಗಂಟೆ ಮುಟ್ಟದೆ ಇಡುತ್ತಾರೆ. ಜೆಲ್ ಆದರೆ ಕಾರ್ಬೋಮರ್ ಎಂಬ ಗಟ್ಟಿಕಾರಕವೂ ಇರುತ್ತದೆ. ಬೇವು, ತುಳಸಿ, ಲೋಳೆಸರದ ಚಿತ್ರ ನೋಡಿ ಕೊಳ್ಳಬೇಡಿ, ಕೆಲಸ ಮಾಡುವುದು ಆಲ್ಕೋಹಾಲೇ.

99%ದು ಆಗಲೇ ತಂದಿಟ್ಟಿದ್ದರೆ ಮೇಜು, ಬಾಗಿಲ ಹಿಡಿ ಒರೆಸಲು ಇಟ್ಟುಕೊಳ್ಳಿ. 707 ಮಿ.ಲೀ. ಅಳೆದು, ಒಂದು ಲೀಟರ್ ಗೆರೆ ಮುಟ್ಟುವವರೆಗೆ ನೀರು ಹಾಕಿದರೆ 70% ಆಯಿತು. "ಇಷ್ಟು ನೀರು ಸೇರಿಸಿ" ಎನ್ನದೆ "ಗೆರೆ ಮುಟ್ಟುವವರೆಗೆ" ಎಂದಿದ್ದಕ್ಕೆ ಕಾರಣವಿದೆ: ಅರ್ಧ ಲೀಟರ್ ಎಥೆನಾಲ್‌ಗೆ ಅರ್ಧ ಲೀಟರ್ ನೀರು ಬೆರೆಸಿದರೆ ಪೂರ್ತಿ ಲೀಟರ್ ಆಗುವುದಿಲ್ಲ, ಸುಮಾರು 965 ಮಿ.ಲೀ. ಆಗುತ್ತದೆ. ಒಲೆ, ದೀಪ ಇರುವ ಕಡೆ ಈ ಕೆಲಸ ಬೇಡವೇ ಬೇಡ. ಎಥೆನಾಲ್ ಉರಿ ತೆಳುನೀಲಿ, ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಆರುವ ಮುಂಚೆ ಮಂಗಳಾರತಿ ತಟ್ಟೆಗೆ ಕೈ ಚಾಚಬೇಡಿ.

ಬಳಸುವಾಗ ಅಂಗೈ ಗುಂಡಿ ತುಂಬುವಷ್ಟು, ಅಂದರೆ ಸುಮಾರು 3 ಮಿ.ಲೀ. ತೆಗೆದುಕೊಳ್ಳಿ. ಹೆಬ್ಬೆರಳು, ಉಗುರ ತುದಿ, ಬೆರಳ ಸಂದಿ ಬಿಡದೆ ಆರುವವರೆಗೂ ಉಜ್ಜಿ, ನಡುವೆ ಬಟ್ಟೆಗೆ ಒರೆಸಬೇಡಿ. ಆಲೆಮನೆಯಲ್ಲಿ ಬೆಲ್ಲ ಅಂಟಿದ ಕೈಗೆ, ಗದ್ದೆಯ ಕೆಸರಿನ ಕೈಗೆ ಇದು ನಾಟುವುದಿಲ್ಲ. ಕೀಟನಾಶಕ ಹೊಡೆದು ಬಂದವರಂತೂ ಇದನ್ನು ನಂಬಲೇಬಾರದು: ಇದು ವಿಷವನ್ನು ತೊಳೆಯುವುದಿಲ್ಲ. ಅಲ್ಲಿ ಸೋಪು, ಧಾರಾಳ ನೀರು, ಬೇರೇನೂ ಅಲ್ಲ.

ಬಾಟಲಿ ಕೊಳ್ಳುವಾಗ ಆಲ್ಕೋಹಾಲ್‌ನ ಹೆಸರು ಓದಿ. ಎಥೆನಾಲ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಇರಬೇಕು, 60%ಕ್ಕಿಂತ ಕಡಿಮೆ ಇರಬಾರದು. ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್, ಅವಧಿ ಮುಗಿಯುವ ತಾರೀಖು ಇಲ್ಲದ್ದನ್ನು ಅಲ್ಲೇ ಬಿಟ್ಟು ಬನ್ನಿ. ಅಗ್ಗಕ್ಕೆ ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಬೆರೆಸಿದರೆ ವಾಸನೆಯಿಂದ ಪತ್ತೆ ಮಾಡಲಾಗದು. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನೇ ಸುಡುತ್ತದೆ. ಒಳ್ಳೆಯ ಸ್ಯಾನಿಟೈಸರ್ ಕೂಡ ವಿಸ್ಕಿಗಿಂತ ಒಂದೂವರೆ ಪಟ್ಟು ಕಡಕ್, ಆದ್ದರಿಂದ ಮಕ್ಕಳ ಕೈಗೆ ಸಿಗದಂತೆ ಇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಕಣ್ಣಿಗೆ ಸಿಡಿದರೆ 15 ನಿಮಿಷ ನಲ್ಲಿ ನೀರಿನಲ್ಲಿ ತೊಳೆದು ಆಮೇಲೆ ಡಾಕ್ಟರು.

ಇಷ್ಟು ಹೇಳಿದ ಮೇಲೆ, ಯಾರೂ ನೇರವಾಗಿ ಕೇಳದಿದ್ದರೂ ಮೈಸೂರಿನವರಿಗೆ ಹೇಳಲೇಬೇಕಾದ್ದು ಒಂದಿದೆ: ಸ್ಯಾನಿಟೈಸರ್‌ನಿಂದ ವೋಟಿನ ಶಾಯಿ ಅಳಿಸಬಹುದೇ? 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದಲೂ ಆ ಶಾಯಿ ಮಾಡುತ್ತಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿ, ಬೆಳಕಿಗೆ ಕಪ್ಪಾಗುತ್ತದೆ. ನೀರಿಗೂ ಆಲ್ಕೋಹಾಲ್‌ಗೂ ಅದು ಕರಗದು. ಬೇಗ ಆರಲಿ ಎಂದು ಶಾಯಿಯೊಳಗೇ ಆಲ್ಕೋಹಾಲ್ ಇದೆ, ಅದನ್ನು ಮತ್ತೆ ಆಲ್ಕೋಹಾಲ್‌ನಿಂದ ಉಜ್ಜಿ ಏನು ಬಂತು? ಚರ್ಮದ ಮೇಲ್ಪದರ ಉದುರಿದಾಗ, ಉಗುರು ಬೆಳೆದು ಕತ್ತರಿಸಿದಾಗ ಅದು ತಾನಾಗಿ ಹೋಗುತ್ತದೆ.